ಬಗ್ಗುವವರನ್ನು ಬಲ್ಲ ದೊಡ್ಡಯ್ಯ

ನಮ್ಮಣ್ಣ ದೊಡ್ಡಯ್ಯ ಮಾಡಿಸಿದ ರಾಜಿ ಒಂದೂ ಮುರಿದಿಲ್ಲ ಎಂದು ಕಟ್ಟಾಯದ ಸುತ್ತಮುತ್ತ ಈಗಲೂ ಹೇಳುತ್ತಾರೆ. ನಿಜವೇ, ಒಂದನ್ನು ಬಿಟ್ಟರೆ. ಯಾಕೆ ಮುರಿಯುತ್ತಿರಲಿಲ್ಲ ಎಂಬುದು ಪಕ್ಕದಲ್ಲೇ ಕೂತು ನೋಡಿದ ನನಗೆ ಗೊತ್ತು.

ಬದುವಿನ ತಗಾದೆಯಿರಲಿ, ದಾರಿಯ ಜಗಳವಿರಲಿ, ಎರಡೂ ಕಡೆಯವರನ್ನು ಜಗಲಿಯ ಮೇಲೆ ಕೂರಿಸಿ ತಾನು ನಟ್ಟನಡುವೆ ಕೂರುತ್ತಿದ್ದ. ಬೇಕಾದಷ್ಟು ಬೈದಾಡಲು ಬಿಡುತ್ತಿದ್ದ. ಯಾರು ಯಾರ ಬದು ಒತ್ತಿದರು ಎಂಬುದು ಅವನಿಗೆ ಬೇಕೇ ಇರಲಿಲ್ಲ. ಯಾವ ಜಗಳದಲ್ಲೂ ಒಬ್ಬನಿಗೆ ಗೆಲ್ಲಬೇಕು, ಇನ್ನೊಬ್ಬನಿಗೆ ಮುಗಿದರೆ ಸಾಕು. ಆ ಎರಡನೆಯವನು ಯಾರೆಂದು ಅಣ್ಣ ಅರ್ಧ ಗಂಟೆಯಲ್ಲಿ ಕಂಡುಹಿಡಿಯುತ್ತಿದ್ದ. ಅವನನ್ನು ಹಿತ್ತಲಿಗೆ ಕರೆದೊಯ್ದು, ಹೆಗಲ ಮೇಲೆ ಕೈಯಿಟ್ಟು, ನೀನು ತಿಳಿದವನು ಎನ್ನುತ್ತಿದ್ದ. ತಿಳಿದವನು ಅನ್ನಿಸಿಕೊಂಡ ಮೇಲೆ ಬಗ್ಗದೆ ಏನು ಮಾಡಿಯಾನು? ಬಗ್ಗಿದವನ ಕೈಯಿಂದಲೇ ಎದುರಾಳಿಗೆ ಎಲೆಅಡಿಕೆ ಕೊಡಿಸುತ್ತಿದ್ದ. ಊರೆದುರು ಕೈಯಾರೆ ಕೊಟ್ಟವನಿಗೆ ಆಮೇಲೆ ಮಾತು ತಪ್ಪಲು ಮುಖವಿರುತ್ತಿರಲಿಲ್ಲ. ಬಗ್ಗಿದವನಿಗೆ ಇನ್ನೊಂದು ಗುದ್ದು ಅಂತಾರಲ್ಲ, ಅದನ್ನೇ ನಮ್ಮೂರು ನ್ಯಾಯ ಎಂದು ಕರೆಯಿತು.

ಅವನ ಒಬ್ಬಳೇ ಮಗಳು ಮೇಘಶ್ರೀಯನ್ನು ಕೊಣನೂರಿಗೆ ಕೊಟ್ಟಿದ್ದೆವು. ಗಂಡ ಶಶಿಕುಮಾರ್ ಹೊಡೆಯುತ್ತಿದ್ದ. ಅವಳು ತವರಿಗೆ ಓಡಿ ಬಂದಾಗ ಅಣ್ಣ ಅಳಿಯನನ್ನು ಕರೆಸಿ, ಅದೇ ಜಗಲಿಯ ಮೇಲೆ, ನಡುವೆಯೇ ಕೂತ. ಮಗಳ ಪಕ್ಕ ಕೂರು ಎಂದ ನನ್ನನ್ನೇ ಗದರಿದ:

"ಮಗ್ಳು ಅಂತ ಅವಳ ಕಡೀಕೆ ಕೂತ್ಕಂಡ್ರೆ ನಾಳೆ ನನ್ ಮಾತ್ಗೆ ಏನ್ಲಾ ಬೆಲೆ ಇರ್ತದೆ?"

ಅವಳನ್ನೂ ಹಿತ್ತಲಿಗೆ ಕರೆದೊಯ್ದ. ನೀನು ತಿಳಿದವಳು ಎಂದ. ಅವಳು ಗಂಡನಿಗೆ ಎಲೆಅಡಿಕೆ ಕೊಟ್ಟು ಬಸ್ಸು ಹತ್ತಿದಳು. ಆರು ತಿಂಗಳಿಗೆ ಮತ್ತೆ ಬಂದಳು, ಮತ್ತೆ ಕೊಟ್ಟು ಹೋದಳು.

ಮೂರನೇ ಸಲ ಬಂದಾಗ ಬಲ ಮುಂಗೈಗೆ ಪಟ್ಟಿ ಕಟ್ಟಿತ್ತು. ಎಡಗೈಯಲ್ಲಿ ಎಲೆ ನೀಡಿದಳು. ಶಶಿಕುಮಾರ್ ಮುಖ ಗಂಟು ಹಾಕಿಕೊಂಡು, ಎಡಗೈಯಲ್ಲಿ ಕೊಡುವುದು ನನಗೆ ಅವಮಾನ ಎಂದ. ಅಣ್ಣ ಮೆತ್ತಗೆ ಹೇಳಿದ:

"ಬಲಗೈಲಿ ಕೊಡವ್ವ."

ಕೊಟ್ಟಳು. ಬೆರಳು ಮಡಚಲಾಗದೆ ಎರಡೆಲೆ ಕೆಳಗೆ ಬಿದ್ದವು. ನಾನೂ ಅಲ್ಲೇ ಕೂತಿದ್ದೆ, ಬಾಯಿ ಬಿಡಲಿಲ್ಲ. ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ.

ನಾಲ್ಕನೇ ಸಲ ಅವಳು ನಮ್ಮಲ್ಲಿಗೆ ಬರಲಿಲ್ಲ. ಹಾಸನಕ್ಕೆ ಹೋಗಿ, ಬಾಡಿಗೆ ಕೋಣೆ ಹಿಡಿದು, ಗಂಡನಿಂದ ಬಿಡುಗಡೆಗೆ ಅರ್ಜಿ ಹಾಕಿದಳು. ಕೋರ್ಟು ಮೊದಲು ಮಧ್ಯಸ್ಥಿಕೆಗೆ ಕಳಿಸಿತು. ಸುದ್ದಿ ತಿಳಿದದ್ದೇ ಅಣ್ಣ ಗರಿಗರಿ ಪಂಚೆ ಉಟ್ಟು ನನ್ನನ್ನೂ ಎಳೆದುಕೊಂಡು ಹೊರಟ. ಕೋರ್ಟಿನವರಿಗೇನು ಗೊತ್ತು, ಮಗಳ ಸಂಸಾರ ತಾನೇ ಉಳಿಸುತ್ತೇನೆ ಎಂದು ದಾರಿಯುದ್ದಕ್ಕೂ ಹೇಳಿದ.

ಒಳಗೆ ಮೇಜಿನಾಚೆ ಮಧ್ಯಸ್ಥಿಕೆ ಮಾಡುವ ವಕೀಲೆ ಕೂತಿದ್ದರು. ಒಂದು ಬದಿಗೆ ಶಶಿಕುಮಾರ್, ಅವನ ಅಪ್ಪ, ದೊಡ್ಡಪ್ಪ. ಇನ್ನೊಂದು ಬದಿಗೆ ಮೇಘಶ್ರೀ ಒಬ್ಬಳೇ. ಅಣ್ಣ ಕುರ್ಚಿ ಎಳೆದು ನಡುವೆ ಹಾಕಿಕೊಂಡ. ನಾನು ಗೋಡೆಗೆ ಒರಗಿ ನಿಂತೆ.

ನಿಮ್ಮ ಮನೆಯವರು ಯಾರಾದರೂ ಬಂದಿದ್ದಾರಾ ಎಂದು ವಕೀಲೆ ಅವಳನ್ನು ಕೇಳಿದರು. ಅವಳು ಅಪ್ಪನನ್ನು ಒಮ್ಮೆ ನೋಡಿದಳು. ಮುಖದಲ್ಲಿ ಸಿಟ್ಟು ಕೂಡ ಇರಲಿಲ್ಲ.

"ನನ್ ಕಡೆಯೋರು ಯಾರೂ ಬಂದಿಲ್ಲ ಮೇಡಂ."

ಅಣ್ಣನ ಮುಖ ಕಪ್ಪಿಟ್ಟಿತು. ನನಗೆ ತಡೆಯಲಾಗಲಿಲ್ಲ, ಹೋಗಿ ಅವಳ ಪಕ್ಕದ ಕುರ್ಚಿಗೆ ಕೈ ಹಾಕಿದೆ.

"ಈಗ ಬ್ಯಾಡಿ ಚಿಕ್ಕಪ್ಪ," ಎಂದಳು.

ವಕೀಲೆ ನಮ್ಮಿಬ್ಬರಿಗೂ ಬಾಗಿಲು ತೋರಿಸಿದರು. ಅಣ್ಣ ಎದ್ದ, ಇಬ್ಬರೂ ಹೊರಗೆ ಬಂದೆವು.