ಎದುರು ಗುಡ್ಡದ ಮೇಲೆ ಎಡಿಲ್ಮಾಳ ಬೆಳಕು

ಬೆಳಗಿನ ಜಾವ. ಕಿಬ್ದೋ ಊರಿನ ಕಡೆ ಇಳಿಯುವ ರಸ್ತೆಯಲ್ಲಿ, ಲಾ ಗಾರ್ಸಾ ತಿರುವಿನ ಹತ್ತಿರ ಲಾರಿಗಳು ಸಾಲಾಗಿ ನಿಂತು ಗೇಟು ತೆರೆಯುವುದನ್ನು ಕಾಯುತ್ತಿವೆ. ಕಂದಕದ ಈಚೆ ದಂಡೆಯ ಕಬ್ಬಿಣದ ಕಂಬಿಗೆ ಹೊಟ್ಟೆ ಆನಿಸಿ ಹೆಂಗಸೊಬ್ಬಳು ನಿಂತಿದ್ದಾಳೆ. ಕುತ್ತಿಗೆಯಲ್ಲಿ ಶಿಳ್ಳೆ, ಕೈಯಲ್ಲಿ ಗೇಣುದ್ದದ ಟಾರ್ಚು. ಅದರ ಬೆಳಕು ಹರಡುವುದೇ ಇಲ್ಲ. ಕೋಲಿನ ಹಾಗೆ ನೆಟ್ಟಗೆ ಕಂದಕ ದಾಟಿ, ಆಚೆ ಗುಡ್ಡದ ಕುಸಿದ ಮೈಮೇಲೆ ಬೀಳುತ್ತದೆ. ಇಲ್ಲಿಂದ ನೋಡಿದರೆ ತಟ್ಟೆಯಗಲ, ಅಲ್ಲಿಗೇ ಹೋಗಿ ಅಳೆದರೆ ಮನೆಯಗಲ.

ಲಾರಿಯವನೊಬ್ಬ ಕರೀ ಕಾಫಿ ಹಿಡಿದು ಬರುತ್ತಾನೆ. "ಏನಕ್ಕಾ, ಇವತ್ತಾದ್ರೂ ಮುಖ ತೋರಿಸ್ತೀಯೋ ಇಲ್ವೋ?"

"ಮುಖ ನೋಡೋಕೆ ಬಂದ್ಯಾ, ದಾರಿ ಬಿಡಿಸ್ಕೊಳ್ಳೋಕೆ ಬಂದ್ಯಾ? ಕಾಫಿ ಕಂಬಿ ಮೇಲಿಡು, ನಡಿ."

ಆಕೆ ತಿರುಗುವುದಿಲ್ಲ. ಗುಡ್ಡ ಕಾಯುವವರು ಪಾಳಿ ಮುಗಿಯುವ ತನಕ ಯಾರು ಕರೆದರೂ ತಿರುಗಬಾರದು, ಅದು ಈ ರಸ್ತೆಯ ಕಟ್ಟಳೆ. ಎಂಜಿನಿಯರ್ ಬಂದರೂ ಬೆನ್ನಿಗೇ ನಮಸ್ಕಾರ, ಪಾದ್ರಿ ಬಂದರೂ ಬೆನ್ನಿಗೇ ಆಶೀರ್ವಾದ. ಮಾತಾಡಿಸಲು ಬಂದ ನಮ್ಮಂಥ ಪತ್ರಿಕೆಯವರಿಗೂ ಸಿಗುವುದು ಬೆನ್ನೇ.

ಆ ಬೆನ್ನಿನ ಹೆಸರು ಎಡಿಲ್ಮಾ ಉಸುಗಾ. ವಯಸ್ಸು ಐವತ್ತು ದಾಟಿದೆ. ಮೊದಲು ಇದೇ ತಿರುವಿನಲ್ಲಿ, ನಿಂತ ಲಾರಿಗಳ ನಡುವೆ ಜೋಳದ ಅರೇಪಾ ರೊಟ್ಟಿ, ಬೆಲ್ಲದ ಬಿಸಿನೀರು ಮಾರುತ್ತಿದ್ದವಳು. ಮಾರುವಾಗಲೂ ಕಣ್ಣು ಎದುರು ಗುಡ್ಡದ ಮೇಲೇ ಇರುತ್ತಿತ್ತಂತೆ. ಅದು ಜಾರಿದ ದಿನ ದಾರಿ ಬಂದ್, ವ್ಯಾಪಾರವೂ ಬಂದ್. ರಸ್ತೆ ಕೆಲಸದವರು ಕಾಯುವವರನ್ನು ಹುಡುಕಿದಾಗ ಹೇಗೂ ನೋಡುತ್ತಲೇ ಇರುವವಳು ಇವಳೇ ಎಂದು ಕರೆದರು. ಮಳೆಗಾಲದಲ್ಲಿ ಆ ಗುಡ್ಡ ವಾರಕ್ಕೆ ಎರಡು ಮೂರು ಸಲ ಮಣ್ಣು ಇಳಿಸುತ್ತದೆ. ಗೇಟು ತೆರೆಯುವ ಮುಂಚೆ ಯಂತ್ರದವನು ಬುಡಕ್ಕೆ ಹೋಗಿ ಅದನ್ನು ಬಾಚಬೇಕು. ಅವನು ಕೆಳಗೆ ಮಣ್ಣು ನೋಡುತ್ತಾನೆ, ಮೇಲೆ ನೋಡುವವಳು ಎಡಿಲ್ಮಾ. ಕಲ್ಲು ಅಲುಗಿದರೆ ಶಿಳ್ಳೆ ಊದಬೇಕು. ಅವನ ಜೀವ ಇರುವುದು ಆ ಶಿಳ್ಳೆಯಲ್ಲಿ.

ಮಳೆಯಲ್ಲಿ ನಿಂತು ನಿಂತು ಅವಳ ಮೊಣಕಾಲುಗಳು ಹಿಡಿದುಕೊಂಡಿವೆ. ಕಾಫಿಯಂತೂ ಸದಾ ತಣ್ಣಗೆ. "ಬಿಸಿ ಕಾಫಿ ಕುಡಿದಿದ್ದು ಯಾವಾಗ್ಲೋ. ಒಂದಿನ ಯಾರಾದ್ರೂ ನನ್ ಜಾಗದಲ್ಲಿ ನಿಂತ್ರೆ, ಎದುರಿಗೆ ಒಬ್ಬರನ್ನ ಕೂರಿಸ್ಕೊಂಡು ಬಿಸಿಬಿಸಿ ಕುಡೀಬೇಕು ಅಂತ ಆಸೆ," ಎನ್ನುತ್ತಾಳೆ.

ಮೊದಲಿದ್ದದ್ದು ಬ್ಯಾಟರಿಗೆ ಕಟ್ಟಿದ ದೊಡ್ಡ ದೀಪ. ಅದು ಇಡೀ ಗುಡ್ಡಕ್ಕೆ ಬೂದು ಬಳಿದ ಹಾಗೆ ಬೆಳಕು ಚೆಲ್ಲುತ್ತಿತ್ತು, ಸರಿದರೆ ಗೊತ್ತಾಗಲೆಂದು ಸುಣ್ಣ ಬಳಿದ ಕಲ್ಲುಗಳು ಮಾತ್ರ ಕಾಣುತ್ತಿರಲಿಲ್ಲ. ಫೆಬ್ರವರಿಯಲ್ಲಿ ಈ ಲೇಸರ್ ಟಾರ್ಚು ಬಂತು. ಒಳಗೆ ನೀಲಿ ಲೇಸರ್, ಬೆಳಕು ತಾಗಿದರೆ ತಾನೇ ಹೊಳೆಯುವ ಹಳದಿ ಫಾಸ್ಫರ್ ಬಿಲ್ಲೆಗೆ ಬಡಿಯುತ್ತದೆ. ಸಾಸಿವೆಯಷ್ಟು ಜಾಗ ಬೆಳ್ಳಗೆ ಉರಿಯುತ್ತದೆ. ಹುಟ್ಟುವ ಜಾಗ ಅಷ್ಟು ಚಿಕ್ಕದಾದ್ದರಿಂದ ಮುಂದಿನ ಗಾಜು ಆ ಬೆಳಕನ್ನು ಚೆಲ್ಲಾಡಲು ಬಿಡದೆ ಒಟ್ಟು ಮಾಡಿ ದೂರಕ್ಕೆ ಎಸೆಯುತ್ತದೆ.

"ಎರಡೂವರೆ ಕಿಲೋಮೀಟರ್ ಹೋಗುತ್ತೆ ಅಂತ ಡಬ್ಬಿ ಮೇಲೆ ಬರೆದವ್ರೆ. ಅಷ್ಟು ದೂರದಲ್ಲಿ ಆನೆ ನಿಂತಿದ್ರೂ ನನ್ ಕಣ್ಣಿಗೆ ಕಾಣಬೇಕಲ್ಲ! ನಂಗೆ ಆ ಗುಡ್ಡದ ತಲೆ ಕಂಡ್ರೆ ಸಾಕು, ಮುಕ್ಕಾಲು ಕಿಲೋಮೀಟರ್ ಆಗಬಹುದು. ಅಲ್ಲಿ ಸುಣ್ಣದ ಕಲ್ಲು ಹಲ್ಲಿನ ಥರ ಬೆಳ್ಳಗೆ ಕಾಣುತ್ತೆ."

ಮಂಜು ಕವಿದರೆ ಈ ಟಾರ್ಚಿನ ಆಟ ನಡೆಯದು. ಕಣ್ಣಿನ ಪಕ್ಕ ಹಿಡಿದರೆ ಮಂಜೇ ಬೆಳಗಿ ಮುಂದೆ ಬಿಳಿ ಗೋಡೆ ಎದ್ದು ನಿಲ್ಲುತ್ತದೆ. ಆಗ ತೋಳು ಚಾಚಿ ಸೊಂಟದ ಕೆಳಗೆ ಹಿಡಿಯುತ್ತಾಳೆ. ಸ್ವಲ್ಪ ಕಾಣುತ್ತದೆ. ಮಂಜು ಇನ್ನೂ ದಟ್ಟವಾದರೆ ಕೆಲಸವೇ ಬಂದ್.

ಟಾರ್ಚು ಬಂದ ಹೊಸತರಲ್ಲಿ ಎಡಿಲ್ಮಾ ಒಂದು ತಪ್ಪು ಮಾಡಿದಳು. ಅದನ್ನು ಅವಳು ಮುಚ್ಚಿಡುವುದಿಲ್ಲ. ಯಂತ್ರದ ಸೀಟಿನಲ್ಲಿದ್ದವನು ಅರ್ನೂಬಿಯೊ. ಅವಳ ಮಗಳ ಜ್ಞಾನಸ್ನಾನದಲ್ಲಿ ಮಗುವನ್ನು ಎತ್ತಿ ಹಿಡಿದವನು, ಆ ನಂಟಿನಿಂದ ಅವಳು ಅವನನ್ನು ಕೊಂಪಾದ್ರೆ ಎಂದೂ ಅವನು ಅವಳನ್ನು ಕೊಮಾದ್ರೆ ಎಂದೂ ಕರೆಯುತ್ತಾರೆ. ಈ ಬೆಳಕು ಕಣ್ಣಿಗೆ ಬಿದ್ದರೆ ಅವನಿಗೆ ಏನೂ ಕಾಣದು. ಹಾಗಾಗಿ ಅವಳು ಅದನ್ನು ಯಂತ್ರಕ್ಕಿಂತ ಬಹಳ ಮೇಲೇ ಇಟ್ಟಳು. ಹಳೇ ದೀಪವಿದ್ದಾಗ ಮಸುಕಾಗಿಯಾದರೂ ಕಾಣುತ್ತಿದ್ದ ಗುಡ್ಡದ ಬುಡ ಈಗ ಕಗ್ಗತ್ತಲು. ಅವಳು ತುದಿಯ ಸುಣ್ಣದ ಕಲ್ಲನ್ನೇ ನೋಡುತ್ತಿದ್ದಾಗ ಬುಡದ ಕತ್ತಲಿಂದ ಒಂದು ಕಲ್ಲು ಉರುಳಿ ಯಂತ್ರದ ಮುಂದಿನ ಗಾಜು ಒಡೆಯಿತು. ಅವನ ಹಣೆಗೆ ಹೊಲಿಗೆ ಬಿತ್ತು.

"ದೂರದ್ದು ಚೆನ್ನಾಗಿ ಕಾಣ್ತಿತ್ತು ನೋಡಿ, ಮೈಮರೆತೆ. ಶಿಳ್ಳೆ ಬಾಯಲ್ಲೇ ಇತ್ತು," ಎನ್ನುವಾಗ ಅವಳ ದನಿ ಸಣ್ಣಗಾಗುತ್ತದೆ.

ಯಾರ ಶಿಳ್ಳೆಯ ಕೆಳಗೆ ದುಡಿಯಬೇಕೆಂದು ಆರಿಸುವುದು ಇಲ್ಲಿ ಯಂತ್ರದವನ ಹಕ್ಕು. ಅರ್ನೂಬಿಯೊ ಜಗಳ ಮಾಡಲಿಲ್ಲ, ಹಗಲು ಪಾಳಿಗೆ ಹೊರಟುಹೋದ. ಭಾನುವಾರ ಚರ್ಚಿನಲ್ಲಿ ಸಿಕ್ಕರೂ ಮಗಳನ್ನು ಮಾತಾಡಿಸುತ್ತಿದ್ದ, ತಾಯಿಯನ್ನಲ್ಲ. ಅವಳಿಗೆ ಅದು ಗಾಜು ಒಡೆದದ್ದಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಮೂಲೆಗೆ ಬಿದ್ದಿದ್ದ ಹಳೇ ದೀಪವನ್ನು ಅವಳು ಕೇಳಿ ತರಿಸಿದಳು. ಅದನ್ನು ಗುಡ್ಡದ ಬುಡದಲ್ಲೇ ಮೇಲ್ಮುಖವಾಗಿ ನಿಲ್ಲಿಸಿದಳು. ಬುಡಕ್ಕೆ ಅದು, ತಲೆಗೆ ಇದು. ಕೋಲು ಬೆಳಕನ್ನೂ ಈಗ ಒಂದೇ ಕಡೆ ನಿಲ್ಲಿಸುವುದಿಲ್ಲ, ಅಂಗಳ ಗುಡಿಸಿದ ಹಾಗೆ ಅಡ್ಡಡ್ಡ ಎಳೆಯುತ್ತ ತುದಿಯಿಂದ ಕೆಳಗಿಳಿಸುತ್ತಾಳೆ.

ಕಳೆದ ತಿಂಗಳು ಒಂದು ಬೆಳಿಗ್ಗೆ ಸುಣ್ಣದ ಕಲ್ಲೊಂದು ತನ್ನ ಜಾಗದಿಂದ ತುಸು ಕೆಳಗಿದ್ದಂತೆ ಕಂಡಿತು. ಶಿಳ್ಳೆ ಊದಿದಳು. ಯಂತ್ರದಲ್ಲಿದ್ದ ಹೊಸಬ ಓಡಿಬಂದ. ಗುಡ್ಡ ಮಾತ್ರ ಅಲ್ಲಾಡಲಿಲ್ಲ. ಬೆಳಕು ಹರಿಯಿತು, ಬಿಸಿಲೂ ಬಂತು. ಹಾರ್ನುಗಳ ಅಬ್ಬರ, ಬೈಗುಳ. "ಕನಸು ಕಂಡ್ಯೇನೇ ಮುದುಕೀ? ನನ್ ಬಾಳೆಕಾಯೆಲ್ಲ ಹಣ್ಣಾಗ್ತಿವೆ!" ಎಂದು ಒಬ್ಬ ಕೂಗಿದ.

"ಹಣ್ಣಾದ್ರೆ ತಿನ್ನು! ನಿನ್ ತಲೆ ಮೇಲೆ ಗುಡ್ಡ ಬಿದ್ರೆ ಏನ್ ತಿಂತೀಯ?" ಎಂದಳು, ತಿರುಗದೆ.

ಮಧ್ಯಾಹ್ನ ಎಂಜಿನಿಯರ್ ಪರೀಕ್ಷಿಸಿ ಗೇಟು ತೆರೆಸುವವರೆಗೂ ಅಪಾಯವಿಲ್ಲ ಎಂದು ಅವಳು ಒಪ್ಪಲಿಲ್ಲ. ಕೊನೆಗೂ ಅಲ್ಲಿಂದ ಒಂದು ಹಿಡಿ ಮಣ್ಣೂ ಬೀಳಲಿಲ್ಲ. ತಿರುವಿನಲ್ಲೆಲ್ಲ ನಗೆಪಾಟಲಾಯಿತು.

ಮರುದಿನ ನಸುಕಿನಲ್ಲಿ ಬೆನ್ನ ಹಿಂದೆ ಪರಿಚಿತ ಕೆಮ್ಮು. ಅರ್ನೂಬಿಯೊ ಜಾವದ ಪಾಳಿಗೆ ಮರಳಿದ್ದ. ಯಾಕೆಂದು ಇವತ್ತು ಅವನನ್ನೇ ಕೇಳಿದರೆ ಹಣೆಯ ಗಾಯದ ಗುರುತು ಕೆರೆದುಕೊಳ್ಳುತ್ತಾನೆ. "ಗುಡ್ಡ ಬೀಳುವಾಗ ಯಾರು ಬೇಕಾದ್ರೂ ಊದ್ತಾರೆ ಸಾರ್. ಏನೂ ಬೀಳದೆ ಊರೆಲ್ಲ ನಗ್ತಿದ್ರೂ ಊದಿದ್ದನ್ನ ವಾಪಸ್ ತಗೊಳ್ಳದವಳು ಇವಳೊಬ್ಬಳೇ. ನಂಗೆ ಅಂಥವ್ರೇ ಬೇಕು."

ಆಕಾಶ ಬೆಳ್ಳಗಾಗುತ್ತಿದೆ. ಅರ್ನೂಬಿಯೊ ಅವಳ ಬೆನ್ನ ಹಿಂದೆ ಬಂದು ನಿಲ್ಲುತ್ತಾನೆ.

"ಕೊಮಾದ್ರೆ, ಹೋಗ್ಲಾ?"

"ತಾಳು." ಬೆಳಕಿನ ಕೋಲು ತುದಿಯಿಂದ ಬುಡದವರೆಗೆ ಮತ್ತೊಮ್ಮೆ ಗುಡಿಸಿಕೊಂಡು ಬರುತ್ತದೆ. "ಹೂಂ, ಹೋಗು ಕೊಂಪಾದ್ರೆ. ಹುಷಾರು."

ಅವನು ತಿರುವು ಬಳಸಿ ಆಚೆ ದಂಡೆಗೆ ಹೋಗಿ ಯಂತ್ರ ಹತ್ತುತ್ತಾನೆ. ಎಂಜಿನ್ ಗುಡುಗುತ್ತದೆ. ಬಕೆಟ್ ಮಣ್ಣಿಗೆ ಇಳಿಯುತ್ತದೆ, ಏಳುತ್ತದೆ, ಮತ್ತೆ ಇಳಿಯುತ್ತದೆ. ಕಂಬಿಯ ಮೇಲೆ ಕಾಫಿ ಆರುತ್ತಿದೆ. ಎಡಿಲ್ಮಾ ಬೆಳಕನ್ನು ಮತ್ತೆ ತುದಿಗೆ ಏರಿಸುತ್ತಾಳೆ.

"ನೋಡಿದ್ರಾ?" ಎನ್ನುತ್ತಾಳೆ ಕೊನೆಗೆ, ಕಣ್ಣು ಕೀಳದೆ. "ಬೇರೆಯವ್ರು ಕಾಯುವಾಗ ಎರಡು ಬಕೆಟ್‌ಗೊಂದು ಸಲ ಮೇಲೆ ನೋಡ್ತಾನಂತೆ. ಈಗ ಒಂದ್ಸಲಾನೂ ತಲೆ ಎತ್ತಲಿಲ್ಲ."