ಪದ್ಮಕ್ಕನ ಹೆಸರಿಲ್ಲದ ಹಾಳೆಗಳು

"ಕೈ ಅಲುಗಾಡಿಸಬ್ಯಾಡ್ರಿ ಅಂತ ಎಷ್ಟು ಸಲ ಹೇಳಬೇಕು ನಿಮಗ!"

ಮೊನ್ನೆ ಆಂಧ್ರದ ಗಡಿಯ ನಮ್ಮ ಆದೋನಿಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯಲು ಬಂದ ನರ್ಸ್ ಹುಡುಗಿ ನನ್ನನ್ನು ಹೀಗೆ ಗದರಿದಳು. ಎರಡು ಸಲ ಚುಚ್ಚಿದರೂ ನರ ಸಿಕ್ಕಿರಲಿಲ್ಲ. ಅಲುಗಾಡಿದ್ದು ನನ್ನ ಕೈಯಲ್ಲ, ದೇವರಾಣೆ. ಮೊಮ್ಮಗಳ ವಯಸ್ಸಿನವಳಿಂದ ಬೈಸಿಕೊಂಡು ಕೂರಬೇಕೇ? ಸಿಟ್ಟಿನಿಂದ ಎದ್ದು ಚಪ್ಪಲಿ ಹುಡುಕತೊಡಗಿದೆ. ಅಷ್ಟರಲ್ಲಿ ಕೈಗೆ ಒತ್ತಿಕೊಂಡಿದ್ದ ಹತ್ತಿಯ ಸ್ಪಿರಿಟ್ ವಾಸನೆ ಮೂಗಿಗೆ ಬಡಿಯಿತು ನೋಡಿ, ಪಕ್ಕದ ಮನೆಯ ಪದ್ಮಕ್ಕ ನೆನಪಾದಳು.

ಎಂಬತ್ತರ ದಶಕದ ಮಾತು. ಪದ್ಮಕ್ಕ ಆಚಾರ್ಯರ ಮನೆಯ ಮಗಳು, ನರ್ಸಿಂಗ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಸಂಜೆ ಮನೆಗೆ ಬಂದರೆ ಹಿತ್ತಲ ಬಾವಿಯ ಹತ್ತಿರ ಎರಡು ಕೊಡ ನೀರು ಸುರಿದುಕೊಳ್ಳದೆ ಒಳಗೆ ಕಾಲಿಡುವಂತಿರಲಿಲ್ಲ. ಅವಳ ತಾಯಿಯ ಮಡಿ ಅಷ್ಟು ಬಿಗಿ. "ನಮ್ಮವ್ವ ಇರೋತನಕ ನನಗ ಯಾವ ರೋಗಾನೂ ಅಂಟಂಗಿಲ್ಲ ಬಿಡು" ಎಂದು ಚಳಿಯಲ್ಲಿ ನಡುಗುತ್ತಲೇ ನಗುತ್ತಿದ್ದಳು.

ರಜೆ ಹಾಕಿ ದೂರದ ಕಾಲೇಜಿನಲ್ಲಿ ಎಂ.ಎಸ್ಸಿ. ಓದಿ ಬಂದಿದ್ದಳು. ಉಳಿದಿದ್ದು ಸಂಶೋಧನೆಯ ಪ್ರಬಂಧ ಒಂದೇ. ಅವಳಿಗೆ ತಿಳಿಯಬೇಕಾಗಿದ್ದದ್ದು ಎರಡು: ಕಲಿಯುವ ಹುಡುಗಿಯರಿಗೆ ತಮ್ಮ ಕೈಮೇಲೆ ತಮಗೆ ನಂಬಿಕೆ ಇದೆಯೇ? ಹಳ್ಳಿಯವರು ಆಸ್ಪತ್ರೆಗೆ ಯಾಕೆ ಬರುವುದಿಲ್ಲ? ಹದಿನೈದು ದಿನದಲ್ಲಿ ಪ್ರಬಂಧ ಕಾಲೇಜು ಮುಟ್ಟದಿದ್ದರೆ ಓದಿದ್ದೆಲ್ಲ ನೀರಿನಲ್ಲಿ ಹೋಮ.

ನಾನು ಶಾಲೆಯೊಂದರಲ್ಲಿ ಗುಮಾಸ್ತ. ಪರೀಕ್ಷೆಯ ಪ್ರಶ್ನೆಪತ್ರಿಕೆ ಟೈಪು ಮಾಡಿ ಪ್ರತಿ ತೆಗೆಯುವುದರಲ್ಲಿ ನನಗೆ ಸಮಾನರಿಲ್ಲ ಎಂಬ ಜಂಭ. ಅಕ್ಕನ ಪ್ರಶ್ನೆಗಳನ್ನೂ ನಾನೇ ಟೈಪು ಮಾಡಿಕೊಟ್ಟೆ.

ಹಾಳೆಗಳು ತಿರುಗಿ ಬಂದವು. ಅಷ್ಟೂ ಹುಡುಗಿಯರು ಎಲ್ಲಕ್ಕೂ 'ಪೂರ್ತಿ ಧೈರ್ಯ ಇದೆ' ಎಂದೇ ಗುರುತು ಹಾಕಿದ್ದರು. ನಾನು ಹಿಗ್ಗಿದೆ. ಅಕ್ಕ ಹುಬ್ಬು ಗಂಟಿಕ್ಕಿದಳು. "ಮೊನ್ನೆ ಸೂಜಿ ಹಿಡದು ಅತ್ತಾಕಿಗೂ ಪೂರ್ತಿ ಧೈರ್ಯಾನಾ?" ಆಮೇಲೆ ಹಾಳೆಯ ತುದಿ ನೋಡಿದಳು. ಕೈ ರೂಢಿಗೆ ಬಿದ್ದು ನಾನೇ ಸೇರಿಸಿದ್ದ ಸಾಲು ಅಲ್ಲಿತ್ತು: ಹೆಸರು, ರೋಲ್ ನಂಬರು, ಪಡೆದ ಅಂಕ.

ಸಿಟ್ಟು ಬಂದರೆ ಅಕ್ಕನ ಬಾಯಲ್ಲಿ ತೆಲುಗು ಬರುತ್ತಿತ್ತು. "ಏಂ ಪನಿ ಚೇಶಾವ್‌ರಾ ನುವ್ವು! ಎಂಥಾ ಕೆಲಸ ಮಾಡಿದ್ಯೋ! ಮಾರ್ಕ್ಸ್ ಅಂದಮ್ಯಾಲೆ ಯಾರು ಖರೇ ಹೇಳ್ತಾರೋ?"

"ಹೋಗ್ಲಿ ಬಿಡಕ್ಕಾ. ನಿಮ್ಮ ಗೈಡಿಗೆ ಹೆಂಗ ಗೊತ್ತಾಗತೈತಿ? ಎಲ್ಲಾರೂ ಧೈರ್ಯವಂತ್ರು ಅಂದ್ರ ಅವ್ರಿಗೂ ಖುಷಿ."

"ಅವ್ರಿಗೆ ಖುಷಿ. ನಾಳೆ ಇವ್ರ ಕೈಲೆ ಚುಚ್ಚಿಸ್ಕೊಳ್ಳೋರಿಗೆ?"

ಅಷ್ಟೂ ಹಾಳೆಗಳನ್ನು ಬಚ್ಚಲ ಒಲೆಗೆ ತುರುಕಿದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮರುದಿನವೇ ಹೆಸರಿನ ಸಾಲಿಲ್ಲದ ಹಾಳೆ ತಯಾರು ಮಾಡಿದೆ. ತಪ್ಪಿಗೆ ಪ್ರಾಯಶ್ಚಿತ್ತವೆಂದು ಹಳ್ಳಿಯವರನ್ನು ಕೇಳಲು ಹೊರಟ ಅವಳ ಹಿಂದೆ ಬಸ್ಸಿನಲ್ಲಿ ಪೆದ್ದಕಡುಬೂರಿಗೂ ಹೋದೆ. ಅಲ್ಲಿ ಹತ್ತಿ ಬಿಡಿಸುತ್ತಿದ್ದ ಒಬ್ಬ ಅಜ್ಜಿ ಅಕ್ಕನಿಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ದವಾಖಾನಿ ದೂರೇನಿಲ್ಲವ್ವ, ಬಸ್ಸೈತಿ. ಹೋದಕೂಡ್ಲೆ ಬೈತಾರ. ಬೈಸ್ಕೊಳ್ಳಾಕ ಟಿಕೀಟ್ಯಾಕ ತಗೀಲಿ?"

ಮಾರನೆಯ ದಿನ ಅಕ್ಕ ತರಗತಿಯಲ್ಲಿ ಹೊಸ ಹಾಳೆ ಹಂಚಿ, ಬರೆದದ್ದನ್ನು ಹಾಕಲು ಒಂದು ಬಿಸ್ಕತ್ತಿನ ಡಬ್ಬಿ ಇಟ್ಟು ತಾನು ಹೊರಗೆ ನಿಂತಳಂತೆ. ಈ ಸಲ ಡಬ್ಬಿಯ ತುಂಬ ಭಯ. ಒಬ್ಬಳು ತೆಲುಗಿನಲ್ಲಿ ಬರೆದಿದ್ದಳು: ನನ್ನ ಕೈ ನಡುಗುವುದು ಕಾಣಬಾರದೆಂದು ರೋಗಿಗಳ ಮೇಲೆ ಜೋರು ಮಾಡುತ್ತೇನೆ.

ಅಕ್ಕ ಅದನ್ನು ಮೂರು ಸಲ ಓದಿದಳು. "ನನ್ನವು ಎರಡಲ್ಲೋ, ಒಂದೇ ಪ್ರಶ್ನಿ! ಹೆದರಿದಾಕಿ ಬೈತಾಳ, ಬೈಸ್ಕೊಂಡಾಕಿ ತಿರುಗಿ ಬರಂಗಿಲ್ಲ."

ಪ್ರಬಂಧ ಕೊನೆಯ ದಿನ ಕಾಲೇಜು ಮುಟ್ಟಿತು, ಪಾಸೂ ಆಯಿತು. ಒಲೆಗೆ ಹಾಕಿದ ಹಾಳೆಗಳ ವಿಷಯ ಅದರಲ್ಲಿ ಇರಲಿಲ್ಲ. ನನ್ನ ಕಣ್ಣಿಗೆ ಅವಳು ದೊಡ್ಡವಳಾಗಿದ್ದು ಮಾತ್ರ ಆ ಸುಟ್ಟ ಹಾಳೆಗಳಿಂದಲೇ. ಆಮೇಲೆ ಪ್ರತಿ ವರ್ಷವೂ ಹೊಸ ಹುಡುಗಿಯರಿಗೆ ಅವಳ ಮೊದಲ ಪಾಠ ಒಂದೇ: "ಬರದಿದ್ರ ಬರಂಗಿಲ್ಲ ಅನ್ರಿ. ನಾನು ಬಾಜೂಕ ನಿಂದರ್ತೀನಿ."

ಚಪ್ಪಲಿ ಬಿಟ್ಟು ಮತ್ತೆ ಕುರ್ಚಿಯಲ್ಲಿ ಕುಳಿತೆ.

"ಕೆಲಸಕ್ಕ ಸೇರಿ ಎಷ್ಟು ದಿನ ಆತವ್ವ?"

ಹುಡುಗಿಯ ಜೋರು ಇಳಿಯಿತು. "ಮೂರು ದಿನ ಆತ್ರಿ ತಾತಾ," ಎಂದಳು. ಸೂಜಿಯನ್ನು ತಟ್ಟೆಯಲ್ಲಿ ಇಟ್ಟಳು. "ಭಾಳ ಹೆದರಿಕಿ ಆಗತೈತ್ರಿ."

ನಾನು ಇನ್ನೊಂದು ಕೈ ಚಾಚಿದೆ.

"ಇದ್ರಾಗ ಸಾವಕಾಶ ಹುಡುಕವ್ವ. ಇಲ್ಲಿ ಯಾರೂ ಮಾರ್ಕ್ಸ್ ಹಾಕಂಗಿಲ್ಲ."