ಕೊಬ್ಬಿನ ಹನಿಯೊಳಗೆ ಬಂದ ಮದ್ದು

ಬಸ್ಸು ದಾರಿಯಲ್ಲಿ ಕೆಟ್ಟು ನಿಲ್ಲಬಹುದಿತ್ತು. ಹಂಪ್ ಹಾರಿದ ರಭಸಕ್ಕೆ ಸೀಸೆ ಒಡೆಯಬಹುದಿತ್ತು. ಐಸು ಕರಗಿ ಮದ್ದು ಬಿಸಿಯಾಗಬಹುದಿತ್ತು. ಐಸು ಕರಗದೆ ಮದ್ದೇ ಹೆಪ್ಪುಗಟ್ಟಬಹುದಿತ್ತು. ನರಸೀಪುರದ ನರ್ಸಿಂಗ್ ಹೋಮಿನಲ್ಲಿ ಕರೆಂಟು ಹೋಗಿರಬಹುದಿತ್ತು. ಗ್ಲೂಕೋಸ್ ಬಾಟಲಿಗೆ ಬೆರೆಸಬೇಕಾದ್ದನ್ನು ಯಾರೋ ಉಪ್ಪುನೀರಿನ ಬಾಟಲಿಗೆ ಬೆರೆಸಿಬಿಡಬಹುದಿತ್ತು. ಇದ್ಯಾವುದೂ ಆಗದೆ, ಅಕ್ಕನೇ “ನಂಗ್ ಬ್ಯಾಡ ಓಗ್ಲಾ” ಎಂದು ಎದ್ದು ಮನೆಗೆ ನಡೆಯಬಹುದಿತ್ತು.

ನಂಜನಗೂಡಿನ ಬಸ್ ಸ್ಟ್ಯಾಂಡ್ ತಲುಪುವುದರೊಳಗೆ ಇಷ್ಟನ್ನೂ ಯೋಚಿಸಿ ಮುಗಿಸಿದ್ದೆ. ಬಸ್ಸು ಬರುವುದು ತಡವಾಗಿದ್ದರೆ ಇನ್ನೂ ನಾಲ್ಕು ಹೊಳೆಯುತ್ತಿದ್ದವು.

ಅಕ್ಕನಿಗೆ ಎದೆಯ ಕ್ಯಾನ್ಸರ್. ಮೊದಲು ಕೊಡುತ್ತಿದ್ದ ಮದ್ದು ಗಡ್ಡೆಯ ಜೊತೆಗೆ ಹೃದಯವನ್ನೂ ಹಣಿಯತೊಡಗಿತ್ತು. ಮೈಸೂರಿನ ಡಾಕ್ಟರು ಎಕೋ ರಿಪೋರ್ಟು ನೋಡಿ, ಅದೇ ಮದ್ದನ್ನು ಬೇರೆ ರೂಪದಲ್ಲಿ ಕೊಡೋಣ ಎಂದರು. ಕಣ್ಣಿಗೆ ಕಾಣದಷ್ಟು ಸಣ್ಣ ಕೊಬ್ಬಿನ ಗುಳ್ಳೆಗಳು, ಅವುಗಳ ಹೊಟ್ಟೆಯೊಳಗೆ ಮದ್ದು. ಗುಳ್ಳೆ ಒಡೆಯದೆ ರಕ್ತದಲ್ಲಿ ಸಾಗುತ್ತದೆ, ಹೃದಯದ ಹತ್ತಿರ ಹೆಚ್ಚು ಸೋರುವುದಿಲ್ಲ, ಗಡ್ಡೆಯ ಸುತ್ತಲಿನ ಸಡಿಲ ರಕ್ತನಾಳಗಳಿಂದ ಒಳಗೆ ನುಸುಳುತ್ತದೆ. ನನಗೆ ಬೆಣ್ಣೆ ಮುಟ್ಟಬೇಡ ಎಂದು ಗದರಿ ಕೊಲೆಸ್ಟರಾಲ್ ಮಾತ್ರೆ ಬರೆದುಕೊಟ್ಟವರ ಜಾತಿಯವರೇ, ಅಕ್ಕನ ರಕ್ತಕ್ಕೆ ನೇರವಾಗಿ ಕೊಬ್ಬು ಬಿಡುತ್ತೇನೆ ಎನ್ನುತ್ತಿದ್ದರು!

ಆದರೂ ಆ ಮಾತು ನನಗೆ ಕೂಡಲೇ ಹಿಡಿಸಿತು. ನಾನು ಹಾಲು ಶೀತಲೀಕರಣ ಕೇಂದ್ರದಲ್ಲಿ ದಿನಾ ಹಾಲಿನ ಫ್ಯಾಟ್ ನೋಡುವವನು. ಹಾಲು ಅಂದರೂ ಅಷ್ಟೇ: ನೀರಿನಲ್ಲಿ ತೇಲುವ, ತೆಳುಪೊರೆ ಹೊದ್ದ ಕೊಬ್ಬಿನ ಹನಿಗಳು. ಒಮ್ಮೆ ಹೆಪ್ಪುಗಟ್ಟಿ ಕರಗಿದ ಹಾಲನ್ನು ನೋಡಿ, ಪೊರೆ ಹರಿದು ಕೊಬ್ಬು ಮೇಲೆ ಚೂರುಚೂರಾಗಿ ತೇಲುತ್ತಿರುತ್ತದೆ. ಮತ್ತೆ ಎಷ್ಟು ಕಲಕಿದರೂ ಅದು ಮೊದಲಿನ ಹಾಲಲ್ಲ. ಅಕ್ಕನ ಮದ್ದಿನ ಡಬ್ಬದ ಮೇಲೂ ತಂಪಿನಲ್ಲಿಡಿ, ಹೆಪ್ಪುಗಟ್ಟಿಸಬೇಡಿ ಎಂದು ಬರೆದಿತ್ತು. ಗುಳ್ಳೆ ಒಡೆದರೆ ಒಳಗಿನದು ಸೋರಿ ಮತ್ತೆ ಆ ಹಳೆಯ ಮದ್ದೇ, ಮತ್ತೆ ಅಕ್ಕನ ಹೃದಯಕ್ಕೇ. ಹಾಗಾಗಿ ಲೋಕವೆಲ್ಲ ಬಿಸಿಲಿಗೆ ಹೆದರಿದರೆ ನಾನು ಐಸಿಗೆ ಹೆದರಿದೆ.

ಭಾವನಿಗೆ ಇದು ಹಿಡಿಸಲಿಲ್ಲ. ಹಿಂದಿನ ಸಂಜೆ ಫೋನಿನಲ್ಲೇ ಜಗಳ.

“ಐಸ್ ಜಾಸ್ತಿ ಆಕಪ್ಪ. ಬೇಸ್ಗೆ ಕಣಪ್ಪ ಇದು.”

“ಭಾವ, ಜಾಸ್ತಿ ಆದ್ರೆ ಕೆಟ್ಟೋಯ್ತದೆ.”

“ತಣ್ಣಗಿದ್ರೆ ಯಾವ್ದಾದ್ರೂ ಕೆಡ್ತದಾ? ಆಲಿನ್ ಡೈರೀಲಿ ಕೆಲ್ಸ ಮಾಡಿ ಇದೇನ ನೀನ್ ಕಲ್ತಿದ್ದು!”

ಮದ್ದು ಒಯ್ಯಲು ತಂದಿಟ್ಟ ಐಸ್ ಪೆಟ್ಟಿಗೆ ಪಶುವೈದ್ಯ ಗೆಳೆಯನದು, ದನಗಳ ಲಸಿಕೆ ಒಯ್ಯುವಂಥದ್ದು. ಅವನು ಕಲಿಸಿದ ಹಾಗೆ ಬೆಳಿಗ್ಗೆ ಐಸ್ ಪ್ಯಾಕುಗಳನ್ನು ಫ್ರೀಜರಿನಿಂದ ತೆಗೆದು ಅಡುಗೆಮನೆಯ ಕಟ್ಟೆಯ ಮೇಲೆ ಬೆವರಲು ಬಿಟ್ಟೆ. ಅಲ್ಲಾಡಿಸಿದಾಗ ಒಳಗೆ ನೀರು ಕುಲುಕಿದ ಸದ್ದು ಬಂದ ಮೇಲೇ ಪೆಟ್ಟಿಗೆಗೆ. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಕುಲುಕುತ್ತಿದ್ದ ನನ್ನನ್ನು ನೋಡಿ ಹೆಂಡತಿ, “ತೆಂಗಿನಕಾಯಿ ಆರಿಸ್ತಿದೀರಾ?” ಎಂದಳು. ಮೈಸೂರಿನಿಂದ ತಂದ ಮದ್ದು ಹಿಂದಿನ ದಿನದಿಂದ ನಮ್ಮ ಫ್ರಿಜ್ಜಿನ ನಡುವಿನ ಖಾನೆಯಲ್ಲಿತ್ತು. ಅದಕ್ಕಿಂತ ಕ್ಷೇಮವಾದ ಜಾಗ ಈ ಭೂಮಿಯ ಮೇಲಿಲ್ಲ ಎಂದು ಮನೆಯವರಿಗೆಲ್ಲ ಭಾಷಣ ಮಾಡಿದ್ದೆ.

ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಅದರ ಮೇಲೆ ದೊಡ್ಡದಾಗಿ ಹಸುವಿನ ಚಿತ್ರ. ಪಕ್ಕದ ಸೀಟಿನ ಅಜ್ಜಿ ನನ್ನನ್ನೂ ಹಸುವನ್ನೂ ಬಾರಿಬಾರಿಗೆ ನೋಡಿದಳು.

“ಕಾಲ್‌ಬಾಯಿ ರೋಗದ್ದಾ ಸಾ?”

“ಅಲ್ಲ ಕಣವ್ವ. ನಮ್ಮಕ್ಕಂಗೆ.”

ಅಜ್ಜಿ ಕೊಂಚ ಸರಿದು ಕೂತಳು. ಆಮೇಲೆ ಕನಿಕರ ಬಂದಿರಬೇಕು. “ಆಗ್ಲಿ ಬುಡಿ. ನಮ್ಮಸೂಗೂ ಇದ್ರಾಗೇ ತಂದ್ ಆಕುದ್ರು, ಚೆನ್ನಾಗದೆ ಈಗ,” ಎಂದು ಧೈರ್ಯ ಹೇಳಿದಳು.

ನರ್ಸಿಂಗ್ ಹೋಮಿಗೆ ಅಕ್ಕ ಆಗಲೇ ಭಾವನ ಜೊತೆ ಬಂದು ಮಂಚದ ಮೇಲೆ ಕೂತಿದ್ದಳು, ಕೈಬಳೆ ತೆಗೆದಿಟ್ಟು. ಈ ಮದ್ದು ಅಂಗೈ ಅಂಗಾಲು ಸುಲಿಯುತ್ತದೆ, ಬಿಗಿ ಬಳೆ, ಬಿಸಿನೀರು ಕೂಡದು ಎಂದಿದ್ದರು. ಮುದ್ದೆ ಕಟ್ಟುವ ಕೆಲಸ ಭಾವನ ಪಾಲಿಗೆ ಬಂದಿತ್ತು. ನರ್ಸು ಪೆಟ್ಟಿಗೆ ತೆರೆದು ಥರ್ಮಾಮೀಟರ್ ನೋಡಿ ತಲೆಯಾಡಿಸಿದರು. ಸೀಸೆಯನ್ನು ಬೆಳಕಿಗೆ ಹಿಡಿದರು. ದಾಳಿಂಬೆ ರಸಕ್ಕೆ ತುಸು ಹಾಲು ಬಿದ್ದಂಥ ಬಣ್ಣ. ಕದಡಿಲ್ಲ, ಚೂರು ತೇಲುತ್ತಿಲ್ಲ. ವೃತ್ತಿಯ ಕಣ್ಣಿನಿಂದ ನಾನೂ ನೋಡಿದೆ. ಇದು ಒಡೆದ ಹಾಲಲ್ಲ. ಯಾರ ಮೇಲೆ ಬೇಕಾದರೂ ಆಣೆ ಮಾಡುತ್ತಿದ್ದೆ.

“ಗ್ಲೂಕೋಸ್ ತಾನೇ ಸಿಸ್ಟರ್?”

“ಹೌದು ಸಾರ್.”

“ಉಪ್ಪುನೀರು ಅಲ್ಲ ತಾನೇ?”

“ಸಾರ್, ನೀವು ಸ್ವಲ್ಪ ಆಚೆ ಕೂತ್ಕೋತೀರಾ?”

ಆಚೆ ಕೂತೆ. ಬಾಗಿಲ ಸಂದಿಯಿಂದ ಆ ಕೆಂಪು ಹನಿಹನಿಯಾಗಿ ಇಳಿಯುವುದು ಕಾಣುತ್ತಿತ್ತು. ಅಕ್ಕನಿಗೆ ಚಳಿ ಬರಲಿಲ್ಲ, ಉಸಿರು ಕಟ್ಟಲಿಲ್ಲ. ಅಲ್ಲಿನ ಡಾಕ್ಟರು ಬಂದು ನಾಡಿ ಹಿಡಿದು, “ಏನೂ ತೊಂದರೆ ಇಲ್ಲ, ನಿಮ್ಮ ತಮ್ಮನಿಗೇ ಒಂದು ಸಲ ಬಿಪಿ ನೋಡಿಸಿ,” ಎಂದು ಹೋದರು. ಬಾಟಲಿ ಖಾಲಿಯಾಯಿತು. ಹೃದಯ ಏನನ್ನುತ್ತದೋ ಮುಂದಿನ ಎಕೋದಲ್ಲಿ ಗೊತ್ತಾಗಬೇಕು. ಮದ್ದು ಮಾತ್ರ ಗುಳ್ಳೆ ಒಡೆಯದೆ ಅವಳ ಮೈ ಸೇರಿದೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ.

“ಬಾಯೆಲ್ಲ ಕಬ್ಬಿಣ ನೆಕ್ಕಿದಂಗದೆ. ತಿನ್ನಕ್ಕೇನಾರ ತಂದಿದ್ದೀಯೇನ್ಲಾ?” ಎಂದಳು ಅಕ್ಕ.

ಹೆಂಡತಿ ಚೀಲಕ್ಕೆ ಹಾಕಿದ್ದ ಪೊಟ್ಟಣ ಬಿಚ್ಚಿದೆ. ಒಂದು ಚಿಪ್ಪು ರಸಬಾಳೆ. ಅಂಗಡಿ ಅಂಗಡಿ ಸುತ್ತಿ ಹುಡುಕಿ ತಂದಿದ್ದಳಂತೆ. ನನ್ನ ಭಾಷಣ ಕೇಳಿದವಳು ಅದನ್ನು ರಾತ್ರಿಯೆಲ್ಲ ಎಲ್ಲಿ ಇಟ್ಟಿದ್ದಳೆಂದು ಹಣ್ಣೇ ಹೇಳುತ್ತಿತ್ತು: ತುದಿಯಿಂದ ತೊಟ್ಟಿನವರೆಗೆ ಇದ್ದಿಲಿನಂತೆ ಕಪ್ಪಗಾಗಿತ್ತು. ಅಕ್ಕ ಒಂದನ್ನು ಸುಲಿದು ಕಚ್ಚಿ, ಮುಖ ಹಿಂಡಿ, ಉಳಿದದ್ದನ್ನು ಭಾವನ ಕೈಗಿಟ್ಟಳು.

“ತಕಳಿ, ತಣ್ಣಗದೆ.”